ಮೋಟರ್ ಗುಂಯ್ ಅನ್ನುತ್ತದೆ, ಕಲ್ಲು ತಿರುಗುವುದಿಲ್ಲ: ಗ್ರೈಂಡರ್‌ನ ಟಾರ್ಕ್ ಎಲ್ಲಿ ಹೋಯಿತು?

ವೆಟ್ ಗ್ರೈಂಡರ್ ಬಗ್ಗೆ ಬರುವ ದೂರುಗಳು ಹೆಚ್ಚುಕಡಿಮೆ ಒಂದೇ ತರ ಇರುತ್ತವೆ. ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಖಾಲಿ ಇದ್ದಾಗ ಚೆನ್ನಾಗಿ ತಿರುಗುತ್ತದೆ, ಅಕ್ಕಿ ಹಾಕಿದ ಕೂಡಲೇ ನಿಂತುಬಿಡುತ್ತದೆ. ಇಲ್ಲವೇ ಕೆಳಗೆ ಮೋಟರ್ ಓಡುವ ಸದ್ದು ಬರುತ್ತಿದೆ, ಮೇಲೆ ಪಾತ್ರೆ ಮಾತ್ರ ಹಾಗೇ ಕೂತಿದೆ. ಮೂರಕ್ಕೂ ಬಹಳ ಸಲ ಸಿಗುವ ಉತ್ತರ ಒಂದೇ: "ಮೋಟರ್ ಹೋಗಿದೆ, ರಿವೈಂಡಿಂಗ್ ಮಾಡಿಸ್ಬೇಕು." ಅಂದರೆ ಒಳಗಿನ ತಂತಿಯ ಸುರುಳಿಯನ್ನು (ವೈಂಡಿಂಗ್) ಹೊಸದಾಗಿ ಸುತ್ತಿಸಬೇಕು ಎಂದು. ಎಷ್ಟೋ ಸಲ ಮೋಟರ್‌ಗೆ ಏನೂ ಆಗಿರುವುದಿಲ್ಲ. ಹಣ ಖರ್ಚಾಗುತ್ತದೆ, ಗ್ರೈಂಡರ್ ವಾರಗಟ್ಟಲೆ ಅಂಗಡಿಯಲ್ಲಿ ಕೂರುತ್ತದೆ, ವಾಪಸ್ ಬಂದ ಮೇಲೂ ಅದೇ ಕಥೆ. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ. ಯಾಕೆಂದರೆ ದೋಷ ಎಲ್ಲಿದೆ ಎಂದು ಮನೆಯಲ್ಲೇ, ಒಂದು ಹಗ್ಗ, ಒಂದು ಸೀಮೆಸುಣ್ಣ, ಲಗೇಜ್ ತೂಗುವ ಹುಕ್ಕಿನ ತಕ್ಕಡಿ ಇಟ್ಟುಕೊಂಡು ಬಹಳ ಮಟ್ಟಿಗೆ ಪತ್ತೆ ಮಾಡಬಹುದು.

ಇಲ್ಲಿ ಹೇಳುವುದು ಬೆಲ್ಟ್ ಇರುವ, ಸಿಂಗಲ್ ಫೇಸ್ (ಮನೆಯ ಮಾಮೂಲಿ ಕರೆಂಟಿನ) ಮೋಟರ್‌ನ ಗ್ರೈಂಡರ್ ಬಗ್ಗೆ. ಆದರೆ ಹಿಟ್ಟಿನ ಗಿರಣಿ, ನೀರೆತ್ತುವ ಮೋಟರ್, ಸೀಲಿಂಗ್ ಫ್ಯಾನ್ ಎಲ್ಲಕ್ಕೂ ಲೆಕ್ಕ ಇದೇ. ಕೊನೆಯ ಹತ್ತಿರ ಫ್ಯಾನ್ ಬಗ್ಗೆ ಬೇರೆಯಾಗಿಯೇ ಬರೆದಿದ್ದೇನೆ.

ಮೊದಲು ಲೆಕ್ಕ, ಅದಿಲ್ಲದೆ ಮುಂದಿನದ್ದು ಅರ್ಥ ಆಗುವುದಿಲ್ಲ

ಬೀಸುಕಲ್ಲಿನ ಗೂಟ ಯಾವಾಗಲೂ ಅಂಚಿನಲ್ಲಿ ಇರುತ್ತದೆ, ಅಲ್ವಾ? ಅದನ್ನೇ ನಡುವಿನ ಹತ್ತಿರ ಹೊಡೆದಿದ್ದರೆ ಅದೇ ಕಲ್ಲನ್ನು ತಿರುಗಿಸಲು ತೋಳು ಸೋತುಹೋಗುತ್ತಿತ್ತು. ಬಲ ಎಷ್ಟು ಹಾಕಿದಿರಿ ಎಂಬುದರ ಜೊತೆಗೆ, ನಡುವಿನಿಂದ ಎಷ್ಟು ದೂರದಲ್ಲಿ ಹಾಕಿದಿರಿ ಎಂಬುದೂ ಸೇರಿ ತಿರುಗಿಸುವ ಶಕ್ತಿ ನಿರ್ಧಾರವಾಗುತ್ತದೆ. ಬಲವನ್ನು ಆ ದೂರದಿಂದ ಗುಣಿಸಿದರೆ ಬರುವುದೇ ಟಾರ್ಕ್. ಬಲ ನ್ಯೂಟನ್‌ನಲ್ಲಿ, ದೂರ ಮೀಟರ್‌ನಲ್ಲಿ, ಟಾರ್ಕ್ ನ್ಯೂಟನ್ ಮೀಟರ್‌ನಲ್ಲಿ. ಬಲ ಅಡ್ಡವಾಗಿ, ಅಂದರೆ ತ್ರಿಜ್ಯಕ್ಕೆ ನೇರ ಲಂಬವಾಗಿ ಬೀಳಬೇಕು. ಓರೆಯಾಗಿ ತಳ್ಳಿದರೆ ಒಂದು ಭಾಗ ಸುಮ್ನೆ ವ್ಯರ್ಥ.

ಈಗ ಮುಖ್ಯ ಮಾತು. ಗ್ರೈಂಡರ್ ಮೇಲೆ ಯಾವಾಗಲೂ ಎರಡು ಕಡೆಯಿಂದ ಟಾರ್ಕ್ ಇರುತ್ತದೆ. ಮೋಟರ್ ತಿರುಗಿಸಲು ನೋಡುತ್ತದೆ. ಬೇರಿಂಗ್‌ನ ಘರ್ಷಣೆ, ಕಲ್ಲಿನ ಉಜ್ಜಾಟ, ಹಿಟ್ಟಿನ ಗಟ್ಟಿತನ ಎಲ್ಲ ಸೇರಿ ತಡೆಯಲು ನೋಡುತ್ತವೆ. ಮೊದಲನೆಯದರಿಂದ ಎರಡನೆಯದನ್ನು ಕಳೆದಾಗ ಏನು ಉಳಿಯುತ್ತದೋ ಅದು ವೇಗವನ್ನು ಬದಲಿಸುತ್ತದೆ. ಉಳಿಕೆ ಜಾಸ್ತಿ ಇದ್ದರೆ ಬೇಗ ವೇಗ ಹಿಡಿಯುತ್ತದೆ. ಉಳಿಕೆ ಸೊನ್ನೆ ಆದರೆ ಇದ್ದ ವೇಗದಲ್ಲೇ ಓಡುತ್ತಿರುತ್ತದೆ. ಉಳಿಕೆ ಋಣವಾದರೆ ನಿಧಾನವಾಗುತ್ತ ನಿಲ್ಲುತ್ತದೆ.

ಇದರಿಂದ ಒಂದು ವಿಷಯ ಗೊತ್ತಾಗುತ್ತದೆ. ಗ್ರೈಂಡರ್ ಒಂದೇ ವೇಗದಲ್ಲಿ ಓಡುತ್ತಿರುವಾಗ ಅದನ್ನು ನೋಡಿ ದೋಷ ಹೇಳಲು ಆಗುವುದಿಲ್ಲ. ಆಗ ಎರಡೂ ಟಾರ್ಕ್ ಸಮ ಇವೆ, ಅಷ್ಟೇ ಗೊತ್ತು. ಇಂಡಕ್ಷನ್ ಮೋಟರ್‌ನಲ್ಲಂತೂ (ಇಲ್ಲಿ ಹೇಳುವ ಗ್ರೈಂಡರ್‌ಗಳಲ್ಲಿರುವುದು ಈ ಬಗೆಯದ್ದೇ) ಇದು ಇನ್ನೂ ಮೋಸ ಮಾಡುತ್ತದೆ: ಹೊರೆ ಗಣನೀಯವಾಗಿ ಏರಿದರೂ ವೇಗ 1440ರಿಂದ 1400 ಆರ್‌ಪಿಎಂಗೆ (ನಿಮಿಷಕ್ಕೆ ಸುತ್ತು) ಇಳಿದೀತು, ಕಣ್ಣಿಗೆ ಕಾಣುವುದೇ ಇಲ್ಲ, ಆದರೆ ಒಳಗೆ ಕರೆಂಟ್ ಏರಿ ವೈಂಡಿಂಗ್ ಬಿಸಿಯಾಗುತ್ತಿರುತ್ತದೆ. "ಚೆನ್ನಾಗೇ ತಿರುಗ್ತಾ ಇತ್ತು, ಇದ್ದಕ್ಕಿದ್ದಂತೆ ಸುಟ್ಟುಹೋಯ್ತು" ಎನ್ನುವವರ ಗ್ರೈಂಡರ್‌ಗಳಲ್ಲಿ ಬಹಳಷ್ಟಕ್ಕೆ ಆಗಿರುವುದು ಇದೇ. ಆದ್ದರಿಂದ ನೋಡಬೇಕಾದದ್ದು ಎರಡು ಹೊತ್ತು: ಶುರುವಾಗುವ ಹೊತ್ತು, ನಿಲ್ಲುವ ಹೊತ್ತು. ವೇಗ ಬದಲಾಗುವಾಗ ಮಾತ್ರ ಟಾರ್ಕ್‌ನ ಲೆಕ್ಕ ಹೊರಗೆ ಕಾಣುತ್ತದೆ.

ಉಳಿದ ಟಾರ್ಕ್ ಒಂದೇ ಇದ್ದರೂ ಎಲ್ಲ ವಸ್ತುಗಳೂ ಒಂದೇ ಬೇಗದಲ್ಲಿ ವೇಗ ಹಿಡಿಯುವುದಿಲ್ಲ. ತಿರುಗುವ ವಸ್ತುವಿನ ಜಡತ್ವ ಅಡ್ಡ ಬರುತ್ತದೆ. ಈ ಜಡತ್ವಕ್ಕೆ ತೂಕದಷ್ಟೇ ಮುಖ್ಯ, ಆ ತೂಕ ನಡುವಿನಿಂದ ಎಷ್ಟು ದೂರ ಇದೆ ಎಂಬುದು. ತೂಕವನ್ನು (ಕೆಜಿ) ದೂರದ (ಮೀಟರ್) ವರ್ಗದಿಂದ ಗುಣಿಸಬೇಕು. 10 ಕೆಜಿ ಕಲ್ಲು ನಡುವಿನಿಂದ 10 ಸೆಂ.ಮೀ. ದೂರದಲ್ಲಿದ್ದರೆ 0.1, ಅದೇ ಕಲ್ಲು 15 ಸೆಂ.ಮೀ. ದೂರದಲ್ಲಿದ್ದರೆ 0.225. ತೂಕ ಒಂದೇ, ತಿರುಗಿಸುವ ಕಷ್ಟ ಎರಡು ಪಟ್ಟಿಗಿಂತ ಜಾಸ್ತಿ. ದೊಡ್ಡ ಪಾತ್ರೆಯ ಗ್ರೈಂಡರ್ ಶುರುವಾಗುವಾಗ ತಿಣುಕುವುದು ಇದಕ್ಕೇ.

ಕೈ ಹಾಕುವ ಮುಂಚೆ

ಪ್ಲಗ್ ಕಿತ್ತು ಹೊರಗಿಡಿ. ಸ್ವಿಚ್ ಆರಿಸಿದರೆ ಸಾಲದು. ಮೋಟರ್ ಶುರುವಾಗಲು ನೆರವಾಗುವ ಕಂಡೆನ್ಸರ್ (ಕೆಪ್ಯಾಸಿಟರ್), ಪ್ಲಗ್ ಕಿತ್ತ ಮೇಲೂ ಚಾರ್ಜ್ ಹಿಡಿದುಕೊಂಡಿರಬಹುದು. ಅದರ ಎರಡು ತಂತಿಗಳಿಗೆ ಹಳೆಯ ಫಿಲಮೆಂಟ್ ಬಲ್ಬಿನ ಹೋಲ್ಡರ್ ತಂತಿ ಮುಟ್ಟಿಸಿ ಖಾಲಿ ಮಾಡಿ, ಆಮೇಲೆ ಮುಟ್ಟಿ. ಸೆರಗು, ದುಪಟ್ಟಾ, ಉದ್ದ ಕೂದಲು, ಅಂಗಿಯ ತೋಳು ಬೆಲ್ಟ್‌ನಿಂದ ದೂರ ಇರಲಿ. ಗ್ರೈಂಡರ್‌ನ ಮೈ ಮುಟ್ಟಿದಾಗ ಜುಮ್ಮೆನ್ನುತ್ತಿದ್ದರೆ ಈ ಕೈಪಿಡಿ ಬದಿಗಿಡಿ, ಮೊದಲು ಅರ್ಥಿಂಗ್ ನೋಡಿಸಿ.

ಇನ್ನೊಂದು. ಗುಂಯ್ ಅಂತ ಸದ್ದು ಬಂದು ತಿರುಗದೇ ಇದ್ದರೆ ಎರಡು ಮೂರು ಸೆಕೆಂಡಿಗಿಂತ ಜಾಸ್ತಿ ಸ್ವಿಚ್ ಹಾಕಿಡಬೇಡಿ. ನಿಂತ ಮೋಟರ್ ಮಾಮೂಲಿ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಆ ಕರೆಂಟ್ ಎಲ್ಲ ಬಿಸಿಯಾಗುತ್ತದೆ, ತಣಿಸಲು ಫ್ಯಾನ್ ಕೂಡ ತಿರುಗುತ್ತಿರುವುದಿಲ್ಲ. ಸಣ್ಣ ದೋಷ ದೊಡ್ಡದಾಗುವುದು ಈ ಹಂತದಲ್ಲೇ.

ಮೊದಲ ಪರೀಕ್ಷೆ: ಆರಿಸಿ, ನಿಲ್ಲುವುದನ್ನು ನೋಡಿ

ಗ್ರೈಂಡರ್ ಖಾಲಿಯಾಗಿ ತಿರುಗುವಷ್ಟಾದರೂ ಇದ್ದರೆ ಇಲ್ಲಿಂದ ಶುರು ಮಾಡಿ. ಪಾತ್ರೆಗೆ ಸ್ವಲ್ಪ ನೀರು ಹಾಕಿ, ಪೂರ್ತಿ ವೇಗಕ್ಕೆ ಬಿಡಿ, ಸ್ವಿಚ್ ಆರಿಸಿ. ಸ್ವಿಚ್ ಆರಿದ ಕ್ಷಣದಿಂದ ಮೋಟರ್‌ನ ಟಾರ್ಕ್ ಸೊನ್ನೆ. ಈಗ ಉಳಿದಿರುವುದು ತಡೆಯುವ ಟಾರ್ಕ್ ಒಂದೇ. ಎಷ್ಟು ಬೇಗ ನಿಂತಿತು ಎಂಬುದು ತಡೆ ಎಷ್ಟಿದೆ ಎಂಬುದರ ನೇರ ಅಳತೆ. ತಡೆ ಎರಡು ಪಟ್ಟಾದರೆ ನಿಲ್ಲುವ ಸಮಯ ಅರ್ಧವಾಗುತ್ತದೆ.

ಗ್ರೈಂಡರ್ ಚೆನ್ನಾಗಿರುವಾಗಲೇ ಈ ಸಮಯವನ್ನು ಫೋನಿನ ಸ್ಟಾಪ್‌ವಾಚ್‌ನಲ್ಲಿ ಅಳೆದು ಗ್ರೈಂಡರ್‌ನ ಹಿಂಬದಿಗೆ ಮಾರ್ಕರ್‌ನಲ್ಲಿ ಬರೆದಿಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಪ್ರತಿ ಮಾಡೆಲ್‌ಗೂ ಬೇರೆ ಬೇರೆ ಇರುತ್ತದೆ, ಹಾಗಾಗಿ ಇಷ್ಟೇ ಇರಬೇಕು ಎಂಬ ಅಂಕಿ ಕೊಡಲು ಆಗುವುದಿಲ್ಲ; ನಿಮ್ಮ ಗ್ರೈಂಡರ್‌ನ ಹೋದ ವರ್ಷದ ಸಮಯವೇ ಈ ವರ್ಷಕ್ಕೆ ಅಳತೆಗೋಲು.

ಸಮಯ ಮೊದಲಿನಷ್ಟೇ ಇದೆ, ಆದರೆ ಶುರುವಾಗಲು ಒದ್ದಾಡುತ್ತದೆ ಎಂದರೆ ತಡೆ ಹೆಚ್ಚಿಲ್ಲ. ಮೋಟರ್ ಟಾರ್ಕ್ ಕೊಡುತ್ತಿಲ್ಲ, ಇಲ್ಲವೇ ಕೊಟ್ಟದ್ದು ಮೇಲಕ್ಕೆ ತಲುಪುತ್ತಿಲ್ಲ. ಆರಿಸಿದ ತಕ್ಷಣ ಬ್ರೇಕ್ ಹಾಕಿದ ಹಾಗೆ ನಿಲ್ಲುತ್ತದೆ ಎಂದರೆ ಬೇರಿಂಗ್, ಬುಶ್, ಕಲ್ಲಿನ ಕಡೆ ಹೋಗಿ. ನಿಲ್ಲುವಾಗ ಮೋಟರ್ ಒಂದು ಕಡೆ, ಪಾತ್ರೆ ಒಂದು ಕಡೆ ಬೇರೆ ಬೇರೆ ಹೊತ್ತಿಗೆ ನಿಂತರೆ ಬೆಲ್ಟ್ ಜಾರುತ್ತಿದೆ.

ಬೆಲ್ಟ್ ಬಿಚ್ಚಿ, ಎರಡು ಭಾಗ ಮಾಡಿ

ಪ್ಲಗ್ ಕಿತ್ತು ಬೆಲ್ಟ್ ಬಿಚ್ಚಿದರೆ ಮೋಟರ್ ಬೇರೆ, ಪಾತ್ರೆ ಬೇರೆ. ಮೊದಲು ಪಾತ್ರೆಯ ಕಡೆ ನೋಡೋಣ.

ಕೈಯಲ್ಲಿ ನಿಧಾನಕ್ಕೆ ತಿರುಗಿಸಿ. ಎಲ್ಲ ಕಡೆ ಒಂದೇ ತರ ತಿರುಗಬೇಕು. ಒಂದು ಜಾಗದಲ್ಲಿ ಮಾತ್ರ ಬಿಗಿ ಅನ್ನಿಸಿದರೆ ಕಲ್ಲು ಪಾತ್ರೆಗೆ ತಾಗುತ್ತಿದೆ, ಅಥವಾ ಶಾಫ್ಟ್ ಬಾಗಿದೆ. ಸುತ್ತಲೂ ಕರಕರ ಅಂದರೆ ಬೇರಿಂಗ್‌ಗೆ ತುಕ್ಕು. ವೆಟ್ ಗ್ರೈಂಡರ್‌ನಲ್ಲಿ ಇದು ಬಹಳ ಮಾಮೂಲಿ, ಏಕೆಂದರೆ ಸೀಲ್ ಸವೆದರೆ ಹಿಟ್ಟಿನ ನೀರು ಇಳಿಯುವುದು ಸೀದಾ ಬೇರಿಂಗ್‌ಗೇ. ಗ್ರೀಸ್ ತೊಳೆದುಹೋಗುತ್ತದೆ, ಹಿಟ್ಟು ಒಣಗಿ ಗಟ್ಟಿಯಾಗಿ ಕೂರುತ್ತದೆ. ಮೇಲಿಂದ ಎಣ್ಣೆ ಬಿಟ್ಟರೆ ನಾಲ್ಕು ದಿನ ಸರಿ ಹೋದ ಹಾಗೆ ಕಾಣುತ್ತದೆ, ಅಷ್ಟೇ. ಸೀಲ್, ಬೇರಿಂಗ್ ಎರಡನ್ನೂ ಒಟ್ಟಿಗೆ ಬದಲಿಸಬೇಕು.

ಕೈಗೆ ಬಿಗಿ ಅನ್ನಿಸುತ್ತಿದೆ, ಆದರೆ ಎಷ್ಟು ಬಿಗಿ? ಇಲ್ಲಿ ತಕ್ಕಡಿ ತನ್ನಿ. ಪಾತ್ರೆಯ ಹೊರ ಅಂಚಿಗೆ ಹಗ್ಗವನ್ನು ಒಂದೆರಡು ಸುತ್ತು ಸುತ್ತಿ, ತುದಿಯನ್ನು ಹುಕ್ಕಿಗೆ ಸಿಕ್ಕಿಸಿ, ಪಾತ್ರೆಯ ಅಂಚಿಗೆ ನೇರವಾಗಿ ಎಳೆಯಿರಿ. ಪಾತ್ರೆ ಅಲುಗಾಡಿದ ಕ್ಷಣ ಒಂದು ಅಂಕಿ ತೋರಿಸುತ್ತದೆ, ಸಮನಾಗಿ ತಿರುಗತೊಡಗಿದ ಮೇಲೆ ಸ್ವಲ್ಪ ಕಡಿಮೆ ಅಂಕಿ. ಎರಡನ್ನೂ ಬರೆದುಕೊಳ್ಳಿ. ನಿಂತ ಘರ್ಷಣೆ ಯಾವಾಗಲೂ ಓಡುವ ಘರ್ಷಣೆಗಿಂತ ಜಾಸ್ತಿ. ಶುರುವಾಗಲು ಸೋಲುವ ಗ್ರೈಂಡರ್ ಒಮ್ಮೆ ಕೈಯಿಂದ ತಳ್ಳಿದರೆ ಓಡುವುದಕ್ಕೆ ಇದೂ ಒಂದು ಕಾರಣ.

ಕೆಜಿಯನ್ನು 9.8ರಿಂದ ಗುಣಿಸಿ, ಅದನ್ನು ಪಾತ್ರೆಯ ತ್ರಿಜ್ಯದಿಂದ ಗುಣಿಸಿ. ತ್ರಿಜ್ಯ 15 ಸೆಂ.ಮೀ., ತಕ್ಕಡಿ 2 ಕೆಜಿ ಎಂದರೆ 19.6 ಗುಣಿಸು 0.15, ಸುಮಾರು 3 ನ್ಯೂಟನ್ ಮೀಟರ್. ಇದು ಜಾಸ್ತಿಯೋ ಕಡಿಮೆಯೋ? ಮೋಟರ್ ಎಷ್ಟು ಕೊಡುತ್ತದೆ ಎಂದು ನೋಡಿದರೆ ಗೊತ್ತಾಗುತ್ತದೆ. ಅರ್ಧ ಎಚ್‌ಪಿ ಎಂದರೆ 373 ವ್ಯಾಟ್. 1440 ಆರ್‌ಪಿಎಂ ಎಂದರೆ ಸೆಕೆಂಡಿಗೆ ಸುಮಾರು 151 ರೇಡಿಯನ್. ವ್ಯಾಟನ್ನು ಇದರಿಂದ ಭಾಗಿಸಿದರೆ ಸುಮಾರು 2.5 ನ್ಯೂಟನ್ ಮೀಟರ್, ಅದು ಮೋಟರ್ ಶಾಫ್ಟ್‌ನಲ್ಲಿ. ಬೆಲ್ಟ್ ಕೂರುವ ಎರಡು ಪುಲ್ಲಿಗಳಲ್ಲಿ ಪಾತ್ರೆಯ ಕಡೆಯ ದೊಡ್ಡದು ಮೋಟರ್ ಕಡೆಯ ಚಿಕ್ಕದರ 6 ಪಟ್ಟು ಇದೆ ಎಂದುಕೊಳ್ಳಿ. ಆಗ ಪಾತ್ರೆಯ ವೇಗ 240 ಆರ್‌ಪಿಎಂಗೆ ಇಳಿಯುತ್ತದೆ, ಟಾರ್ಕ್ 6 ಪಟ್ಟು ಏರಿ ಸುಮಾರು 15 ಆಗುತ್ತದೆ. ಬೆಲ್ಟ್ ಸ್ವಲ್ಪ ತಿನ್ನುತ್ತದೆ, ಅದನ್ನು ಬಿಡಿ. 15ರಲ್ಲಿ 3 ಬರೀ ಖಾಲಿ ಪಾತ್ರೆ ತಿರುಗಿಸಲಿಕ್ಕೇ ಹೋಯಿತು! ಐದನೇ ಒಂದು ಭಾಗ. ಉದ್ದಿನಬೇಳೆ ಹಾಕುವ ಮೊದಲೇ.

ಅಂಗಡಿಯವರಿಗೆ "ಸ್ವಲ್ಪ ಬಿಗಿ ಇದೆ" ಎನ್ನುವುದಕ್ಕೂ "2 ಕೆಜಿ ಎಳೆದರೆ ತಿರುಗುತ್ತದೆ" ಎನ್ನುವುದಕ್ಕೂ ಬಹಳ ವ್ಯತ್ಯಾಸ ಇದೆ. ಬೇರಿಂಗ್ ಹಾಕಿಸಿದ ಮೇಲೂ ಇದೇ ರೀತಿ ಎಳೆದು ನೋಡಬಹುದು, ಕೆಲಸ ನಿಜವಾಗಿ ಆಗಿದೆಯೋ ಇಲ್ಲವೋ ಅಲ್ಲೇ ತಿಳಿಯುತ್ತದೆ.

ಮೋಟರ್ ಒಂದೇ: ಗುಂಯ್ ಸದ್ದಿನ ಕಥೆ

ಬೆಲ್ಟ್ ಬಿಚ್ಚಿದ ಮೋಟರ್‌ನ ಶಾಫ್ಟ್ ಕೈಯಲ್ಲಿ ಸರಾಗವಾಗಿ ತಿರುಗುತ್ತಿದೆಯೇ? ಸರಿ. ಈಗ ಪ್ಲಗ್ ಹಾಕಿ ಸ್ವಿಚ್ ಒತ್ತಿ. ಹೊರೆ ಏನೂ ಇಲ್ಲ, ಆದರೂ ಬರೀ ಗುಂಯ್ ಅಂತಿದ್ದರೆ ತಕ್ಷಣ ಆರಿಸಿ.

ಈ ಸದ್ದಿಗೆ ಕಾರಣ ಸಿಂಗಲ್ ಫೇಸ್ ಕರೆಂಟಿನ ಸ್ವಭಾವದಲ್ಲೇ ಇದೆ. ಒಂದೇ ವೈಂಡಿಂಗ್‌ಗೆ ಈ ಕರೆಂಟ್ ಕೊಟ್ಟರೆ ಕಾಂತಕ್ಷೇತ್ರ ಸುತ್ತುವುದಿಲ್ಲ, ಇದ್ದಲ್ಲೇ ಏರಿಳಿಯುತ್ತದೆ. ಇದನ್ನು ಎದುರು ಬದುರಾಗಿ ಸುತ್ತುವ ಎರಡು ಸಮ ಕ್ಷೇತ್ರಗಳು ಎಂದು ಲೆಕ್ಕ ಹಾಕಬಹುದು. ಒಂದು ಬಲಕ್ಕೆ ಎಳೆಯುತ್ತದೆ, ಇನ್ನೊಂದು ಎಡಕ್ಕೆ. ರೋಟರ್ (ಮೋಟರ್‌ನ ಒಳಗೆ ತಿರುಗುವ ಭಾಗ) ನಿಂತಿರುವಾಗ ಎರಡೂ ಸರಿಸಮ, ಒಟ್ಟು ಟಾರ್ಕ್ ಸೊನ್ನೆ. ಕರೆಂಟ್ ಹರಿಯುತ್ತಿದೆ, ಕಬ್ಬಿಣ ನಡುಗುತ್ತಿದೆ, ಶಾಫ್ಟ್ ಮಾತ್ರ ಅಲುಗುವುದಿಲ್ಲ. ಯಾವುದಾದರೂ ಒಂದು ಕಡೆಗೆ ಸ್ವಲ್ಪ ತಿರುಗಿಸಿಬಿಟ್ಟರೆ ಸಮತೋಲ ಕೆಟ್ಟು, ಆ ಕಡೆಯ ಟಾರ್ಕ್ ಗೆದ್ದು, ಅದೇ ದಿಕ್ಕಿನಲ್ಲಿ ವೇಗ ಹಿಡಿಯುತ್ತದೆ.

ಆ ಮೊದಲ ತಳ್ಳುವಿಕೆಗೇ ಎರಡನೇ ವೈಂಡಿಂಗ್ ಮತ್ತು ಕಂಡೆನ್ಸರ್ ಇರುವುದು. ಕಂಡೆನ್ಸರ್ ಎರಡನೇ ವೈಂಡಿಂಗ್‌ನ ಕರೆಂಟನ್ನು ಮುಂದೆ ಸರಿಸುತ್ತದೆ, ಎರಡೂ ಸೇರಿ ಸುತ್ತುವ ಕ್ಷೇತ್ರ ಹುಟ್ಟುತ್ತದೆ.

ಹಾಗಾಗಿ ಪರೀಕ್ಷೆ ಹೀಗೆ. ಬೆಲ್ಟ್ ಬಿಚ್ಚಿಯೇ ಇರಲಿ. ಒಬ್ಬರು ಸ್ವಿಚ್ ಹತ್ತಿರ ನಿಲ್ಲಲಿ. ಸ್ವಿಚ್ ಆರಿರುವಾಗ ನೀವು ಶಾಫ್ಟನ್ನು ಜೋರಾಗಿ ಒಮ್ಮೆ ತಿರುಗಿಸಿ, ಕೈ ಪೂರ್ತಿ ಹಿಂದೆ ತೆಗೆದು "ಹಾಕು" ಎನ್ನಿ. ಬಲಕ್ಕೆ ತಿರುಗಿಸಿದಾಗ ಬಲಕ್ಕೆ ಓಡಿತು, ಎಡಕ್ಕೆ ತಿರುಗಿಸಿದಾಗ ಎಡಕ್ಕೆ ಓಡಿತು ಎಂದರೆ ಮುಖ್ಯ ವೈಂಡಿಂಗ್‌ನಲ್ಲಿ ಜೀವ ಇದೆ. ದೋಷ ಇರುವುದು ಶುರು ಮಾಡುವ ದಾರಿಯಲ್ಲಿ: ಕಂಡೆನ್ಸರ್, ಅದರ ತಂತಿ, ಒಳಗಿನ ಸ್ವಿಚ್, ಇಲ್ಲವೇ ಎರಡನೇ ವೈಂಡಿಂಗ್. ಇವುಗಳಲ್ಲಿ ಅಗ್ಗದ್ದು ಕಂಡೆನ್ಸರ್, ಬೇಗ ಕೆಡುವುದೂ ಅದೇ. ಮೇಲೆ ಬರೆದಿರುವ ಮೈಕ್ರೋಫ್ಯಾರಡ್ ನೋಡಿ, ಮಲ್ಟಿಮೀಟರ್‌ನಲ್ಲಿ ಅಳೆಯಿರಿ. ಬರೆದದ್ದಕ್ಕಿಂತ ಬಹಳ ಕಡಿಮೆ ಇದ್ದರೆ, ಅಥವಾ ಮೈ ಉಬ್ಬಿದ್ದರೆ, ಅಷ್ಟೇ ಮೈಕ್ರೋಫ್ಯಾರಡ್‌ನ, ಅಷ್ಟೇ ವೋಲ್ಟೇಜಿನ ಹೊಸದನ್ನು ಹಾಕಿ. "ದೊಡ್ಡದು ಹಾಕಿದ್ರೆ ಪಿಕಪ್ ಜಾಸ್ತಿ ಬರುತ್ತೆ" ಎಂದು ಕೆಲವರು ಹೇಳುತ್ತಾರೆ. ಬೇಡ. ಸದಾ ಜೋಡಣೆಯಲ್ಲಿರುವ ಕಂಡೆನ್ಸರ್ ದೊಡ್ಡದಾದರೆ ಎರಡನೇ ವೈಂಡಿಂಗ್‌ನಲ್ಲಿ ಕರೆಂಟ್ ಏರಿ ಅದು ಬಿಸಿಯಾಗತೊಡಗುತ್ತದೆ.

ಕೆಲವು ಮೋಟರ್‌ಗಳಲ್ಲಿ ಒಳಗೆ ಸೆಂಟ್ರಿಫ್ಯೂಗಲ್ ಸ್ವಿಚ್ ಇರುತ್ತದೆ. ಮೋಟರ್ ಪೂರ್ತಿ ವೇಗದ ಮುಕ್ಕಾಲು ಭಾಗಕ್ಕೆ ಬಂದಾಗ ಅದು ಶುರು ಮಾಡುವ ವೈಂಡಿಂಗನ್ನು ಕಳಚುತ್ತದೆ, ನಿಲ್ಲುವಾಗ ಮತ್ತೆ ಸೇರಿಸುತ್ತದೆ. ಇದನ್ನು ಕಿವಿಯಿಂದಲೇ ಪರೀಕ್ಷಿಸಬಹುದು. ಆರಿಸಿದ ಮೇಲೆ ನಿಧಾನವಾಗುತ್ತ ಬರುವಾಗ ಒಳಗಿಂದ "ಟಕ್" ಅಂತ ಒಂದು ಸದ್ದು ಬರಬೇಕು. ಮೊದಲು ಬರುತ್ತಿದ್ದದ್ದು ಈಗ ಬರುತ್ತಿಲ್ಲ ಎಂದರೆ ಸ್ವಿಚ್ ಸಿಕ್ಕಿಹಾಕಿಕೊಂಡಿದೆ. ತೆರೆದೇ ಉಳಿದಿದ್ದರೆ ಶುರುವೇ ಆಗುವುದಿಲ್ಲ. ಮುಚ್ಚಿಯೇ ಉಳಿದಿದ್ದರೆ ಶುರುವಾಗುತ್ತದೆ, ಆದರೆ ಭಾರವಾದ ಸದ್ದು ಮಾಡುತ್ತ ಬೇಗ ಬಿಸಿಯಾಗುತ್ತದೆ. ಇದು ಜಾಸ್ತಿ ಅಪಾಯ, ಏಕೆಂದರೆ ಓಡುತ್ತಿದೆಯಲ್ಲ ಎಂದು ಯಾರೂ ಗಮನ ಕೊಡುವುದಿಲ್ಲ.

ಈಗ ಒಂದು ಕಷ್ಟದ ದೋಷ. ಮೇಲೆ ಹೇಳಿದ ನಿಲ್ಲುವ ಪರೀಕ್ಷೆಗೆ ಸಿಕ್ಕದೆ ತಪ್ಪಿಸಿಕೊಳ್ಳುವುದರಲ್ಲಿ ಇದು ಮುಖ್ಯವಾದದ್ದು. ಆರಿಸಿದಾಗ ಶಾಫ್ಟ್ ಹೂವಿನ ಹಾಗೆ ಹಗುರ, ಕರೆಂಟ್ ಕೊಟ್ಟ ಕೂಡಲೇ ಕಚ್ಚಿಕೊಳ್ಳುತ್ತದೆ. ಕಂಡೆನ್ಸರ್ ಹೊಸದು, ವೈಂಡಿಂಗ್ ಸರಿ, ಎಲ್ಲ ಸರಿ, ಆದರೂ ತಿರುಗುವುದಿಲ್ಲ. ಇಲ್ಲಿ ಶಾಫ್ಟನ್ನು ತಿರುಗಿಸದೆ, ಹಿಡಿದು ಅಡ್ಡಕ್ಕೆ ಅಲುಗಾಡಿಸಿ ನೋಡಿ, ಮೇಲೆ ಕೆಳಗೆ, ಆ ಕಡೆ ಈ ಕಡೆ. ಸ್ವಲ್ಪ ಆಟ ಸಿಕ್ಕಿದರೂ ಬೇರಿಂಗ್ ಅಥವಾ ಬುಶ್ ಸವೆದಿದೆ. ರೋಟರ್‌ಗೂ ಅದರ ಸುತ್ತ ಅಲುಗದೆ ಕೂತಿರುವ ಸ್ಟೇಟರ್‌ಗೂ ನಡುವೆ ಇರುವ ಸಂದು ಒಂದು ಮಿಲಿಮೀಟರ್‌ಗಿಂತ ಕಡಿಮೆ. ರೋಟರ್ ಒಂದು ಪಕ್ಕಕ್ಕೆ ಸರಿದರೆ ಆ ಪಕ್ಕದ ಕಾಂತೀಯ ಸೆಳೆತ ಹೆಚ್ಚಾಗಿ, ಇನ್ನೂ ಹತ್ತಿರ ಎಳೆದು, ಕಡೆಗೆ ಕಬ್ಬಿಣಕ್ಕೆ ಕಬ್ಬಿಣ ತಾಗಿಸಿಬಿಡುತ್ತದೆ. ಕರೆಂಟ್ ಇರುವವರೆಗೂ ಈ ತಡೆ, ಆರಿಸಿದರೆ ಮಾಯ. ರಿವೈಂಡಿಂಗ್ ಮಾಡಿಸಿಯೂ ಸರಿಹೋಗಲಿಲ್ಲ ಎನ್ನುವ ಮೋಟರ್‌ಗಳಲ್ಲಿ ಇದನ್ನು ಮೊದಲು ನೋಡಬೇಕು. ಬಿಚ್ಚಿದಾಗ ರೋಟರ್ ಮೈಮೇಲೆ ಒಂದು ಪಟ್ಟಿ ಉಜ್ಜಿ ಹೊಳೆಯುತ್ತಿದ್ದರೆ ಅನುಮಾನವೇ ಬೇಡ.

ಮೋಟರ್ ಒಂದೇ ಇದ್ದಾಗ ತಾನಾಗಿ ಶುರುವಾಗಿ ಪೂರ್ತಿ ವೇಗಕ್ಕೆ ಹೋಗುತ್ತದೆ, ಸುಟ್ಟ ವಾರ್ನಿಷ್ ವಾಸನೆ ಇಲ್ಲ, ಹತ್ತು ನಿಮಿಷ ಖಾಲಿ ಓಡಿದರೂ ಕೈ ಇಡಲಾರದಷ್ಟು ಬಿಸಿ ಆಗಲಿಲ್ಲ ಎಂದರೆ ಸದ್ಯಕ್ಕೆ ಮೋಟರನ್ನು ಬಿಡಿ, ಮುಂದೆ ಹೋಗಿ.

ನಡುವಿನ ದಾರಿ: ಪುಲ್ಲಿ, ಬೆಲ್ಟ್

ಮೋಟರ್ ಟಾರ್ಕ್ ಕೊಡುತ್ತಿದೆ, ಪಾತ್ರೆ ಹಗುರವಾಗಿದೆ, ಆದರೂ ರುಬ್ಬುವಾಗ ನಿಲ್ಲುತ್ತದೆ. ಸೀಮೆಸುಣ್ಣ ತನ್ನಿ. ಮೋಟರ್ ಶಾಫ್ಟ್‌ನ ತುದಿಯಿಂದ ಪುಲ್ಲಿಯ ಮೈ ಮೇಲೆ ಹಾದುಹೋಗುವ ಹಾಗೆ ಒಂದು ಗೆರೆ ಎಳೆಯಿರಿ. ದೊಡ್ಡ ಪುಲ್ಲಿಗೂ ಹಾಗೇ. ಬೆಲ್ಟ್ ಹಾಕಿ, ಅಕ್ಕಿ ಹಾಕಿ, ನಿಲ್ಲುವವರೆಗೆ ಓಡಿಸಿ, ಪ್ಲಗ್ ಕಿತ್ತು ನೋಡಿ. ಶಾಫ್ಟ್‌ನ ಗೆರೆ, ಪುಲ್ಲಿಯ ಗೆರೆ ಬೇರೆಯಾಗಿದ್ದರೆ ಪುಲ್ಲಿಯ ಸ್ಕ್ರೂ ಸಡಿಲ, ಅಥವಾ ಪುಲ್ಲಿಯನ್ನು ಶಾಫ್ಟ್‌ಗೆ ಹಿಡಿದಿಡುವ ಕೀ ಸವೆದಿದೆ. ಸ್ಕ್ರೂ ಆದರೆ ಬಿಗಿ ಮಾಡಿದರೆ ಮುಗಿಯಿತು, ಕೀ ಆದರೆ ಬದಲಿಸಬೇಕು.

ಗೆರೆಗಳು ಸರಿ ಇದ್ದರೆ ಬೆಲ್ಟ್. ಅರ್ಧ ಎಚ್‌ಪಿ ಮೋಟರ್‌ನ 2.5 ನ್ಯೂಟನ್ ಮೀಟರ್ ಟಾರ್ಕ್, 2 ಇಂಚಿನ ಚಿಕ್ಕ ಪುಲ್ಲಿಯ ಮೂಲಕ ಹೋಗಬೇಕಾದರೆ ಬೆಲ್ಟ್‌ನ ಬಿಗಿ ಬದಿಗೂ ಸಡಿಲ ಬದಿಗೂ ಸುಮಾರು 100 ನ್ಯೂಟನ್, ಅಂದರೆ 10 ಕೆಜಿ ತೂಕದಷ್ಟು ವ್ಯತ್ಯಾಸ ಇರಬೇಕು. ಅಷ್ಟನ್ನೂ ಹಿಡಿದುಕೊಳ್ಳುವುದು ಬರೀ ಉಜ್ಜುವಿಕೆ. ಚಿಕ್ಕ ಪುಲ್ಲಿಯನ್ನು ಬೆಲ್ಟ್ ಅಪ್ಪಿಕೊಳ್ಳುವ ಭಾಗ ಕಡಿಮೆ, ಆದ್ದರಿಂದ ಜಾರುವುದು ಯಾವಾಗಲೂ ಅಲ್ಲೇ ಮೊದಲು. ಅದರ ಸುತ್ತ ಕಪ್ಪು ಪುಡಿ ಬಿದ್ದಿದೆಯೇ, ರಬ್ಬರ್ ಸುಟ್ಟ ವಾಸನೆ ಇದೆಯೇ, ಬೆಲ್ಟ್‌ನ ಪಕ್ಕಗಳು ಗಾಜಿನ ಹಾಗೆ ಹೊಳೆಯುತ್ತಿವೆಯೇ ನೋಡಿ. ವಿ ಬೆಲ್ಟ್ ಪುಲ್ಲಿಯ ಎರಡು ಗೋಡೆಗಳನ್ನು ಹಿಡಿಯಬೇಕು. ಸವೆದು ಕೆಳಗಿಳಿದು ಪುಲ್ಲಿಯ ತೋಡಿನ ತಳಕ್ಕೆ ತಾಗುತ್ತಿದ್ದರೆ ಎಷ್ಟು ಬಿಗಿದರೂ ಪ್ರಯೋಜನ ಇಲ್ಲ, ಹೊಸದೇ ಬೇಕು.

ಬೆಲ್ಟ್ ಜಾರುತ್ತದೆ ಎಂದು ಸಿಕ್ಕಾಪಟ್ಟೆ ಬಿಗಿ ಮಾಡುವವರಿದ್ದಾರೆ. ಜಾರುವುದು ನಿಲ್ಲುತ್ತದೆ ನಿಜ, ಆದರೆ ಆ ಎಳೆತ ಎರಡೂ ಕಡೆಯ ಬೇರಿಂಗ್ ಮೇಲೆ ಬೀಳುತ್ತದೆ. ತಡೆಯುವ ಟಾರ್ಕ್ ಏರುತ್ತದೆ, ಬೇರಿಂಗ್ ಸವೆಯುತ್ತದೆ, ಆಮೇಲೆ ಮೇಲೆ ಹೇಳಿದ ರೋಟರ್ ತಾಗುವ ದೋಷ ಬರುತ್ತದೆ. ಎರಡು ಪುಲ್ಲಿಗಳ ನಡುವೆ ಬೆರಳಿನಿಂದ ಒತ್ತಿದರೆ ಬೆಲ್ಟ್ ಸ್ವಲ್ಪ ಒಳಗೆ ಹೋಗಬೇಕು, ಅಷ್ಟಿರಲಿ.

ಎಲ್ಲವೂ ಸರಿ ಇದೆ, ಆದರೂ ಸಂಜೆ ಹೊತ್ತು ನಿಲ್ಲುತ್ತದೆ

ವೋಲ್ಟೇಜ್ ನೋಡಿ. ಇಂಡಕ್ಷನ್ ಮೋಟರ್‌ನ ಟಾರ್ಕ್ ವೋಲ್ಟೇಜಿನ ವರ್ಗದಂತೆ ಬದಲಾಗುತ್ತದೆ. 230 ಇರಬೇಕಾದಲ್ಲಿ 180 ಬಂದರೆ ವೋಲ್ಟೇಜ್ ಇಳಿದದ್ದು ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಆದರೆ ಟಾರ್ಕ್ ಉಳಿಯುವುದು ನೂರಕ್ಕೆ 61 ಮಾತ್ರ. 160ಕ್ಕೆ ಇಳಿದರೆ ಅರ್ಧಕ್ಕಿಂತ ಕಡಿಮೆ. ಊರ ಕಡೆ ಲೈನಿನ ಕೊನೆಯ ಮನೆಗಳಲ್ಲಿ, ಎಲ್ಲರೂ ಪಂಪ್‌ಸೆಟ್ ಹಾಕಿದ ಹೊತ್ತಿನಲ್ಲಿ ಇದು ಸಾಮಾನ್ಯ. ಪೇಟೆಯಲ್ಲೂ ಸಣ್ಣ ತಂತಿಯ ಉದ್ದನೆ ಎಕ್ಸ್‌ಟೆನ್ಶನ್ ಬಾಕ್ಸ್ ಇದೇ ಕೆಲಸ ಮಾಡುತ್ತದೆ, ಏಕೆಂದರೆ ಶುರುವಾಗುವಾಗಿನ ದೊಡ್ಡ ಕರೆಂಟಿಗೆ ಆ ತಂತಿಯಲ್ಲೇ ವೋಲ್ಟೇಜ್ ಕರಗಿಹೋಗುತ್ತದೆ. ಮೋಟರ್ ಓಡುತ್ತಿರುವಾಗ, ಮೋಟರ್ ಇರುವ ಸಾಕೆಟ್‌ನಲ್ಲೇ ಅಳೆಯಬೇಕು. ಖಾಲಿ ಸಾಕೆಟ್‌ನಲ್ಲಿ ಅಳೆದ 230ಕ್ಕೆ ಬೆಲೆ ಇಲ್ಲ.

ಇನ್ನು ಹೊರೆ. ಪಾತ್ರೆ ಮತ್ತು ಕಲ್ಲಿನ ಒಟ್ಟು ಜಡತ್ವ 0.3 ಎಂದುಕೊಳ್ಳಿ. ಅದು 2 ಸೆಕೆಂಡಿನಲ್ಲಿ 240 ಆರ್‌ಪಿಎಂ ಮುಟ್ಟಬೇಕಾದರೆ ವೇಗ ಹಿಡಿಯಲಿಕ್ಕೇ ಸುಮಾರು 3.8 ನ್ಯೂಟನ್ ಮೀಟರ್ ಬೇಕು. ಉಳಿಕೆ ಅದರ ಅರ್ಧ ಇದ್ದರೆ 4 ಸೆಕೆಂಡ್ ಹಿಡಿಯುತ್ತದೆ, ಅಷ್ಟೂ ಹೊತ್ತು ಮೋಟರ್ ದೊಡ್ಡ ಕರೆಂಟ್ ಎಳೆಯುತ್ತದೆ. ಅಕ್ಕಿ ತುಂಬಿಸಿ, ಕಲ್ಲು ಹೂತುಹೋಗಿರುವಾಗ ಸ್ವಿಚ್ ಹಾಕಿದರೆ ಇದಕ್ಕೆ ನಿಂತ ಘರ್ಷಣೆಯೂ ಸೇರುತ್ತದೆ. ಖಾಲಿ ಪಾತ್ರೆಗೆ ನೀರು ಹಾಕಿ ಓಡಿಸಿ, ಪೂರ್ತಿ ವೇಗ ಬಂದ ಮೇಲೆ ಹಿಡಿ ಹಿಡಿಯಾಗಿ ಅಕ್ಕಿ ಹಾಕುವ ನಮ್ಮ ಅಮ್ಮಂದಿರ ಪದ್ಧತಿ ಮೋಟರ್‌ಗೆ ಮಾಡುವ ದೊಡ್ಡ ಉಪಕಾರ. ಉದ್ದಿನಬೇಳೆ ನುಣ್ಣಗಾಗುತ್ತ ಗಟ್ಟಿಯಾದಾಗ ತಡೆ ಏರುತ್ತದೆ, ಆಗ ಸ್ವಲ್ಪ ನೀರು ಚಿಮುಕಿಸಿದರೆ ಮೋಟರ್‌ನ ಸದ್ದು ಹಗುರವಾಗುವುದನ್ನು ಕೇಳಬಹುದು.

ಸೀಲಿಂಗ್ ಫ್ಯಾನ್ ನಿಧಾನವಾಗಿದ್ದರೆ

ಲೆಕ್ಕ ಅದೇ, ನಡತೆ ಬೇರೆ. ಫ್ಯಾನಿಗೆ ತಡೆ ಗಾಳಿಯದ್ದು, ಅದು ವೇಗದ ವರ್ಗದಂತೆ ಏರಿಳಿಯುತ್ತದೆ. ಮೋಟರ್ ಟಾರ್ಕ್ ಕಡಿಮೆ ಆದರೆ ಫ್ಯಾನ್ ನಿಂತುಬಿಡುವುದಿಲ್ಲ, ಕಡಿಮೆ ವೇಗದಲ್ಲಿ ಹೊಸ ಸಮತೋಲ ಹುಡುಕಿಕೊಳ್ಳುತ್ತದೆ. ಗ್ರೈಂಡರ್‌ನಲ್ಲಿ ವೇಗ ಇಳಿದರೂ ಹಿಟ್ಟಿನ ತಡೆ ಅಷ್ಟಾಗಿ ಇಳಿಯುವುದಿಲ್ಲ, ಅದಕ್ಕೇ ಅದು ಧಡಕ್ಕನೆ ನಿಲ್ಲುತ್ತದೆ.

ಫ್ಯಾನ್ ನಿಧಾನ ಎಂದರೆ ಮೊದಲು ಕಂಡೆನ್ಸರ್. ಸಾಮಾನ್ಯವಾಗಿ 2.5 ಅಥವಾ 3.15 ಮೈಕ್ರೋಫ್ಯಾರಡ್ ಇರುತ್ತದೆ, ಹಳೆಯದಾಗುತ್ತ ಆ ಅಂಕಿ ಕುಸಿಯುತ್ತದೆ. ಆಮೇಲೆ ರೆಗ್ಯುಲೇಟರ್. 5ರಲ್ಲಿ ಶುರು ಮಾಡಿ 2ಕ್ಕೆ ಇಳಿಸಿದರೆ ತಿರುಗುತ್ತದೆ, ಸೀದಾ 2ರಲ್ಲಿ ಹಾಕಿದರೆ ತಿರುಗುವುದಿಲ್ಲ ಎನ್ನುವ ಫ್ಯಾನ್‌ನಲ್ಲಿ ಶುರುವಿನ ಟಾರ್ಕ್ ನಿಂತ ಘರ್ಷಣೆಗಿಂತ ಕಡಿಮೆ ಇದೆ. ಕಂಡೆನ್ಸರ್ ಅಥವಾ ಬೇರಿಂಗ್, ಎರಡರಲ್ಲಿ ಒಂದು. ಯಾವುದು ಎಂದು ತಿಳಿಯಲು ಆರಿಸಿ ನಿಲ್ಲುವುದನ್ನು ನೋಡಿ. ಮೊದಲು ಗಾಳಿಯೇ ತಡೆಯುತ್ತದೆ, ಆದರೆ ಕೊನೆಯ ಕೆಲವು ಸುತ್ತುಗಳಲ್ಲಿ ಗಾಳಿಯ ತಡೆ ಇಲ್ಲದಷ್ಟಾಗಿ ಬೇರಿಂಗ್ ಮಾತ್ರ ಉಳಿಯುತ್ತದೆ. ಆ ಕೊನೆಯ ಸುತ್ತುಗಳು ನಯವಾಗಿ ಸತ್ತರೆ ಬೇರಿಂಗ್ ಸರಿ ಇದೆ, ಗಕ್ಕನೆ ನಿಂತರೆ ಬೇರಿಂಗ್ ಬದಲಿಸಿ. ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ ಮೋಟರ್‌ನ) ಫ್ಯಾನ್ ಆದರೆ ಒಳಗೆ ಆಯಸ್ಕಾಂತ ಇರುವುದರಿಂದ ಕೊನೆಯಲ್ಲಿ ತಡೆದು ತಡೆದು ನಿಲ್ಲುವುದು ಸಹಜ, ಅದನ್ನು ದೋಷ ಎಂದುಕೊಳ್ಳಬೇಡಿ. ಅದರಲ್ಲಿ ಈ ಬಗೆಯ ಕಂಡೆನ್ಸರ್ ಕೂಡ ಇರುವುದಿಲ್ಲ.

ಅಂಗಡಿಗೆ ಒಯ್ಯುವುದಾದರೆ

ಬೆಲ್ಟ್ ಬಿಚ್ಚಿದ ಮೋಟರ್ ಕೈಯಿಂದ ತಿರುಗಿಸಿ ಬಿಟ್ಟರೂ ಯಾವ ದಿಕ್ಕಿನಲ್ಲೂ ಓಡುತ್ತಿಲ್ಲ, ಅಥವಾ ಖಾಲಿ ಓಡುತ್ತಲೇ ಸುಟ್ಟ ವಾಸನೆ ಬರುತ್ತಿದೆ, ಅಥವಾ ಫ್ಯೂಸ್ ಹಾರುತ್ತಿದೆ ಎಂದರೆ ಅದು ಮನೆಯಲ್ಲಿ ಆಗುವ ಕೆಲಸ ಅಲ್ಲ. ಹೋಗುವಾಗ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ನಿಲ್ಲಲು ಎಷ್ಟು ಸೆಕೆಂಡ್, ಪಾತ್ರೆ ತಿರುಗಲು ಎಷ್ಟು ಕೆಜಿ, ಕಂಡೆನ್ಸರ್ ಅಳತೆ ಎಷ್ಟು, ಓಡುವಾಗ ಸಾಕೆಟ್‌ನಲ್ಲಿ ಎಷ್ಟು ವೋಲ್ಟ್, ಶಾಫ್ಟ್‌ನಲ್ಲಿ ಅಡ್ಡ ಆಟ ಇದೆಯೋ ಇಲ್ಲವೋ. ರಿವೈಂಡಿಂಗ್ ಮಾಡಿಸಲೇಬೇಕಾದರೆ ಜೊತೆಗೇ ಎರಡೂ ಬೇರಿಂಗ್ ಹೊಸದು ಹಾಕಲು ಹೇಳಿ, ಹಳೆಯವನ್ನು ವಾಪಸ್ ಕೇಳಿ ಪಡೆದುಕೊಳ್ಳಿ.